ಸೈನಿಕ ಶಾಲೆಗೆ ಹೊರಟ ಹುಡುಗನ ಟ್ರಂಕು

ಕೇಳುಗರಿಗೆ ನಮಸ್ಕಾರ.

ಪ್ರವೇಶ ಪರೀಕ್ಷೆ ಪಾಸಾಗಿ, ವೈದ್ಯಕೀಯ ತಪಾಸಣೆ ಮುಗಿದು, ಆರನೇ ತರಗತಿಗೆ ಸೈನಿಕ ಶಾಲೆಯಲ್ಲಿ ಸೀಟು ಸಿಕ್ಕಿತು ಅಂದಮೇಲೆ ಮನೆಗೆ ಮೊದಲು ಬರುವುದು ಕರಿ ಬಣ್ಣದ ತಗಡಿನ ಟ್ರಂಕು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಹುಡುಗನ ಹೆಸರು, ನಂಬರು ಬರೆಸುತ್ತಾರೆ. ಇನ್ನು ಏಳು ವರ್ಷ ಅವನು ತನ್ನದು ಅಂತ ಹೇಳಿಕೊಳ್ಳುವ ಜಾಗ ಅಂದರೆ ಒಂದು ಮಂಚ, ಒಂದು ಕಪಾಟು, ಮಂಚದ ಕೆಳಗಿನ ಆ ಟ್ರಂಕು. ಪರೀಕ್ಷೆಗೆ ಅಂತ ಒಂದೆರಡು ವರ್ಷ ಕೋಚಿಂಗ್ ಕೊಡಿಸುತ್ತೇವೆ. ಆಮೇಲಿನ ಬದುಕಿಗೆ ತಯಾರಿ ಮಾಡಿಸಲು ಮರೆಯುತ್ತೇವೆ. ಲೆಕ್ಕದಲ್ಲಿ ನೂರೈವತ್ತಕ್ಕೆ ನೂರನಲವತ್ತು ತೆಗೆದ ಹುಡುಗನೂ ಬೂಟಿನ ಲೇಸು ಕಟ್ಟಲು ಬಾರದೆ ಮೊದಲ ತಿಂಗಳು ಕಂಗಾಲಾಗಬಹುದು. ಸೀಟು ಸಿಕ್ಕ ದಿನದಿಂದ ಶಾಲೆಗೆ ಬಿಡುವ ದಿನದವರೆಗೆ ಸಿಗುವ ಕೆಲವು ವಾರಗಳಲ್ಲಿ ಏನು ಮಾಡಬೇಕು, ಬಿಟ್ಟು ಬಂದ ಮೇಲೆ ಏನನ್ನು ಮಾಡಬಾರದು, ಇದೇ ಇವತ್ತಿನ ಮಾತು.

ನಮ್ಮ ರಾಜ್ಯದಲ್ಲಿ ವಿಜಯಪುರದ ಸೈನಿಕ ಶಾಲೆ 1963ರಲ್ಲಿ ಶುರುವಾಯಿತು. ಕೊಡಗಿನ ಕೂಡಿಗೆಯದು 2007ರದು. ಇವೆರಡೂ ರಕ್ಷಣಾ ಸಚಿವಾಲಯದ ಅಧೀನದ ಸೈನಿಕ ಶಾಲೆಗಳ ಸೊಸೈಟಿಗೆ ಸೇರಿದವು. ಬೆಳಗಾವಿ ಮತ್ತು ಬೆಂಗಳೂರಿನ ರಾಷ್ಟ್ರೀಯ ಮಿಲಿಟರಿ ಶಾಲೆಗಳು ಬೇರೆಯೇ ವ್ಯವಸ್ಥೆ. ಅವು ಇನ್ನೂ ಹಳೆಯವು, 1945 ಮತ್ತು 1946ರವು. ಅಲ್ಲಿ ಹೆಚ್ಚಿನ ಸೀಟು ಸೈನಿಕರ ಮಕ್ಕಳಿಗೆ ಮೀಸಲು, ಪ್ರವೇಶ ಪರೀಕ್ಷೆಯೂ ಬೇರೆ. ಅರ್ಜಿ ಹಾಕುವಾಗ ಎರಡನ್ನೂ ಒಂದೇ ಅಂದುಕೊಂಡು ಕೊನೆಯ ದಿನಾಂಕ ತಪ್ಪಿಸಿಕೊಳ್ಳುವ ತಂದೆತಾಯಂದಿರು ಇದ್ದಾರೆ. ಬಹುಕಾಲ ಗಂಡುಹುಡುಗರಿಗಷ್ಟೇ ಇದ್ದ ಸೈನಿಕ ಶಾಲೆಗಳು 2021-22ರಿಂದ ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳುತ್ತಿವೆ. ಇಲ್ಲಿ ಹೇಳುವ ಬಹುಪಾಲು ಮಾತು ಅವರಿಗೂ ಅನ್ವಯಿಸುತ್ತದೆ.

ಆರನೇ ತರಗತಿಯ ಸೈನಿಕ ಶಾಲೆ ಪ್ರವೇಶ ಪರೀಕ್ಷೆ ಒಟ್ಟು 300 ಅಂಕದ್ದು. ಅದರಲ್ಲಿ ಅರ್ಧ, ಅಂದರೆ 150 ಅಂಕ, ಗಣಿತಕ್ಕೆ. ಉಳಿದದ್ದು ಭಾಷೆ, ಬುದ್ಧಿಮತ್ತೆ, ಸಾಮಾನ್ಯ ಜ್ಞಾನಕ್ಕೆ ತಲಾ 50. ಆರನೆಯದಕ್ಕೆ ಈ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಹಳ್ಳಿಯ ಸರ್ಕಾರಿ ಶಾಲೆಯ ಹುಡುಗನಿಗೆ ಇದು ದೊಡ್ಡ ಬಾಗಿಲು. ಆದರೆ ಬಾಗಿಲು ದಾಟಿದ ಮರುದಿನದಿಂದ ಪಾಠವೆಲ್ಲ ಇಂಗ್ಲಿಷಿನಲ್ಲಿ. ಲ.ಸಾ.ಅ. ಅಂತ ಕಲಿತವನಿಗೆ ಎಲ್‌ಸಿಎಂ ಅಂದರೆ ತಿಳಿಯುವುದಿಲ್ಲ. ಛೇದ, ಅಂಶ, ಸುತ್ತಳತೆ, ವಿಸ್ತೀರ್ಣ, ಎಲ್ಲವೂ ಅವನಿಗೆ ಗೊತ್ತು, ಹೆಸರು ಮಾತ್ರ ಗೊತ್ತಿಲ್ಲ. ತನಗೆ ಲೆಕ್ಕವೇ ಬರುವುದಿಲ್ಲ ಅಂತ ಅವನು ನಂಬಿಬಿಡುವುದು ಇಲ್ಲಿಯೇ. ಹಾಗಾಗಿ ಒಂದು ನೋಟ್‌ಬುಕ್ಕಿನಲ್ಲಿ ಎಡಗಡೆ ಕನ್ನಡದ ಪದ, ಬಲಗಡೆ ಇಂಗ್ಲಿಷ್ ಪದ ಬರೆಸಿ. ಗಣಿತ ಮತ್ತು ವಿಜ್ಞಾನ ಸೇರಿ ಇನ್ನೂರು ಪದ ಸಾಕು, ದಿನಕ್ಕೆ ಹತ್ತರಂತೆ ಇಪ್ಪತ್ತು ದಿನ. ಆ ನೋಟ್‌ಬುಕ್ ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲಿರಲಿ.

ಈಗ ಅಲ್ಲಿನ ದಿನ ಹೇಗಿರುತ್ತದೆ ನೋಡೋಣ. ಶಾಲೆಯಿಂದ ಶಾಲೆಗೆ, ಋತುವಿನಿಂದ ಋತುವಿಗೆ ಗಂಟೆ ಸ್ವಲ್ಪ ಹಿಂದೆಮುಂದೆ ಆಗುತ್ತದೆ. ಬೆಳಗ್ಗೆ ಐದೂವರೆಯ ಸುಮಾರಿಗೆ ಏಳಬೇಕು. ಆ ಹೊತ್ತಿನ ಕರೆಗೆ ಹುಡುಗರು ರೌಸರ್ ಅನ್ನುತ್ತಾರೆ. ಚಹಾ ಬಿಸ್ಕತ್ತು, ಪಿ.ಟಿ. ಅಥವಾ ಡ್ರಿಲ್, ಸ್ನಾನ, ಮೆಸ್ಸಿನಲ್ಲಿ ತಿಂಡಿ, ಅಸೆಂಬ್ಲಿ, ಮಧ್ಯಾಹ್ನದವರೆಗೆ ತರಗತಿ. ಊಟವಾದ ಮೇಲೆ ಸ್ವಲ್ಪ ವಿಶ್ರಾಂತಿ, ಸಂಜೆ ಆಟ, ಕತ್ತಲಾದ ಮೇಲೆ ಪ್ರೆಪ್, ಅಂದರೆ ಮೇಲ್ವಿಚಾರಣೆಯಲ್ಲಿ ಕೂತು ಓದುವುದು. ರಾತ್ರಿ ಹತ್ತರೊಳಗೆ ದೀಪ ಆರುತ್ತದೆ. ಕೇಳಲು ಕಷ್ಟ ಅನ್ನಿಸುವುದು ಬೇಗ ಏಳುವುದು. ಹುಡುಗರು ನಿಜವಾಗಿ ಸಿಕ್ಕಿಬೀಳುವುದು ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ. ಪಿ.ಟಿ. ಮುಗಿದ ಮೇಲೆ ಸ್ನಾನ, ಯೂನಿಫಾರಂ, ಹಾಸಿಗೆ, ಫಾಲ್-ಇನ್ (ಸಾಲಾಗಿ ನಿಲ್ಲುವುದು) ಎಲ್ಲಕ್ಕೂ ಸೇರಿ ಅರ್ಧ ಗಂಟೆ ಸಿಕ್ಕರೆ ಹೆಚ್ಚು. ಮನೆಯಲ್ಲಿ ಅಮ್ಮ ಗುಂಡಿ ಹಾಕಿ, ಅಜ್ಜಿ ತಲೆ ಬಾಚಿ ಕಳಿಸುತ್ತಿದ್ದ ಹುಡುಗ ಅಲ್ಲಿ ದಿನವೂ ಕೊನೆಯವನಾಗುತ್ತಾನೆ. ಕೊನೆಯವನಾದವನಿಗೆ ಮೈದಾನ ಸುತ್ತುವ ಶಿಕ್ಷೆ, ಸುತ್ತಿ ಬಂದದ್ದಕ್ಕೆ ತಿಂಡಿಗೂ ತಡ. ಹೀಗೆ ಒಂದು ತಡ ಇನ್ನೊಂದನ್ನು ಎಳೆದು ತರುತ್ತದೆ. ಮನೆಯಲ್ಲೇ ಗಡಿಯಾರ ಇಟ್ಟು ಇಪ್ಪತ್ತು ನಿಮಿಷದಲ್ಲಿ ಎಲ್ಲವನ್ನೂ ಒಬ್ಬನೇ ಮಾಡುವ ಅಭ್ಯಾಸ ಮಾಡಿಸಿ. ಟೈ ಕಟ್ಟುವುದು ಇದರಲ್ಲಿ ಸೇರಿರಲಿ.

ಟ್ರಂಕಿಗೆ ಬರೋಣ. ಶಾಲೆ ಕೊಡುವ ಪಟ್ಟಿಯಲ್ಲಿ ಇಲ್ಲದ್ದನ್ನು ತುಂಬಬೇಡಿ. ಬೆಲೆಬಾಳುವ ವಾಚು, ಹೆಚ್ಚು ಹಣ, ಚಕ್ಕುಲಿ-ಉಂಡೆಯ ಡಬ್ಬಿಗಳು ಗೆಳೆತನಕ್ಕಿಂತ ಜಗಳಕ್ಕೇ ಹೆಚ್ಚು ದಾರಿ. ಪ್ರತಿ ಬಟ್ಟೆಗೂ ನಂಬರು ಬೇಕು, ಕರವಸ್ತ್ರಕ್ಕೂ, ಕಾಲುಚೀಲದ ಎರಡೂ ಕಾಲಿಗೂ. ಮಾರ್ಕರ್ ಪೆನ್ನಿನ ಬರಹ ಧೋಬಿಯ ನಾಲ್ಕು ಒಗೆತಕ್ಕೆ ಮಾಸುತ್ತದೆ. ಬಿಳಿ ನಾಡಾದ ಮೇಲೆ ಕೆಂಪು ದಾರದಲ್ಲಿ ನಂಬರು ಹೊಲಿದು ಆ ತುಂಡನ್ನು ಬಟ್ಟೆಯ ಒಳಬದಿಗೆ ಹೊಲಿಯಿರಿ. ಷರಟಿಗೆ ಕಾಲರಿನ ಒಳಗೆ, ಪ್ಯಾಂಟಿಗೆ ಸೊಂಟಪಟ್ಟಿಯ ಒಳಗೆ. ಒಂದು ಸಣ್ಣ ಡಬ್ಬಿಯಲ್ಲಿ ಸೂಜಿ, ಬಿಳಿ ಮತ್ತು ಖಾಕಿ ದಾರ, ಹತ್ತು ಗುಂಡಿ, ನಾಲ್ಕು ಸೇಫ್ಟಿ ಪಿನ್ನು ಇರಲಿ, ಗುಂಡಿ ಹೊಲಿಯುವುದನ್ನು ಕಲಿಸಿಯೇ ಕಳಿಸಿ. ಟ್ರಂಕಿನ ಬೀಗಕ್ಕೆ ಮೂರು ಕೀಲಿ ಮಾಡಿಸಿ. ಒಂದು ಹುಡುಗನ ಹತ್ತಿರ, ಒಂದು ಹೌಸ್ ಮಾಸ್ಟರ್ ಹತ್ತಿರ, ಅಂದರೆ ಹಾಸ್ಟೆಲಿನಲ್ಲಿ ಹುಡುಗರನ್ನು ನೋಡಿಕೊಳ್ಳುವ ಶಿಕ್ಷಕರ ಹತ್ತಿರ, ಒಂದು ಮನೆಯಲ್ಲಿ. ಕೀಲಿ ಕಳೆಯುವುದಂತೂ ಖಂಡಿತ.

ಬೂಟಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅಲ್ಲಿ ಹುಡುಗನನ್ನು ನೋಡುವವರ ಕಣ್ಣು ಮೊದಲು ಕೆಳಗೆ ಹೋಗುತ್ತದೆ. ಲೇಸು ಬಿಚ್ಚಿ, ಒಣ ಬ್ರಷ್ಷಿನಿಂದ ಧೂಳು, ಹೊಲಿಗೆಯ ಸಂದಿನ ಮಣ್ಣು ತೆಗೆಯಬೇಕು. ಒದ್ದೆಯಾಗಿದ್ದರೆ ಒಳಗೆ ಹಳೆಯ ಪೇಪರ್ ತುರುಕಿ ನೆರಳಲ್ಲಿ ಒಣಗಿಸಬೇಕು. ಬಿಸಿಲಿಗೆ ಅಥವಾ ಬಿಸಿ ನೀರಿನ ಬಾಯ್ಲರ್ ಪಕ್ಕ ಇಟ್ಟರೆ ಚರ್ಮ ಬಿರಿಯುತ್ತದೆ. ಮೆತ್ತನೆಯ ಹತ್ತಿ ಬಟ್ಟೆಯನ್ನು ಎರಡು ಬೆರಳಿಗೆ ಬಿಗಿಯಾಗಿ ಸುತ್ತಿ, ಬಟಾಣಿ ಕಾಳಿನಷ್ಟು ಪಾಲಿಶ್ ತೆಗೆದು, ಸಣ್ಣ ಸಣ್ಣ ವೃತ್ತದಲ್ಲಿ ತೆಳುವಾಗಿ ಸವರಬೇಕು. ಐದು ನಿಮಿಷ ಬಿಟ್ಟು ಬ್ರಷ್ ಹಾಕಬೇಕು. ಹೊಳಪು ಬೇಕಾದರೆ ಮುಂಭಾಗದ ಮೇಲೆ ಒಂದೆರಡು ಹನಿ ನೀರು ಚಿಮುಕಿಸಿ ಮತ್ತೆ ತೆಳುವಾಗಿ ಸವರಿ ಉಜ್ಜಬೇಕು. ಹೊಸಬರು ಮಾಡುವ ತಪ್ಪು ಒಂದೇ, ಅವಸರಕ್ಕೆ ದಪ್ಪಗೆ ಬಳಿಯುವುದು. ಆಗ ಬೆರಳು ಮಡಚುವ ಜಾಗದಲ್ಲಿ ಪಾಲಿಶ್ ಹೆಪ್ಪುಗಟ್ಟಿ ಬಿರುಕು ಬಿಡುತ್ತದೆ, ಧೂಳೂ ಅಂಟುತ್ತದೆ. ಬಿಳಿ ಕ್ಯಾನ್ವಾಸ್ ಶೂ ಒಗೆದ ಮೇಲೆ ಹಳದಿ ಆಗುವುದು ಸೋಪು ಪೂರ್ತಿ ಹೋಗದೆ ಉಳಿದರೆ. ಮೂರು ನಾಲ್ಕು ಸಲ ತೊಳೆದು, ಬಿಳಿ ಪೇಪರ್ ಸುತ್ತಿ ನೆರಳಲ್ಲಿ ಒಣಗಿಸಿ, ಇನ್ನೂ ಸ್ವಲ್ಪ ಪಸೆ ಇರುವಾಗ ಬಿಳಿ ಪಾಲಿಶ್ ಹಚ್ಚಿದರೆ ಸಮವಾಗಿ ಕೂರುತ್ತದೆ.

ಹೊಸ ಬೂಟನ್ನು ಶಾಲೆಯಲ್ಲೇ ಮೊದಲ ಸಲ ಹಾಕುವಂತೆ ಆಗಬಾರದು. ಸೇರುವ ಮುಂಚೆ ಮೂರು ವಾರ ಮನೆಯಲ್ಲಿ ಹಾಕಿಸಿ, ಮೊದಲು ದಿನಕ್ಕೆ ಅರ್ಧ ಗಂಟೆ, ಆಮೇಲೆ ಎರಡು ಗಂಟೆ. ಅಳತೆ ನೋಡುವುದು ಸಂಜೆ, ದಪ್ಪ ಕಾಲುಚೀಲ ಹಾಕಿಕೊಂಡು, ಏಕೆಂದರೆ ದಿನವಿಡೀ ನಡೆದ ಪಾದ ಸಂಜೆಗೆ ಸ್ವಲ್ಪ ಊದಿರುತ್ತದೆ. ಬೊಬ್ಬೆ ಎದ್ದರೆ ಒಡೆಯಬಾರದು, ಎಂ.ಐ. ರೂಮಿಗೆ, ಅಂದರೆ ಶಾಲೆಯ ಚಿಕಿತ್ಸಾ ಕೋಣೆಗೆ, ಹೋಗಿ ತೋರಿಸಬೇಕು.

ಡ್ರಿಲ್ ಬಗ್ಗೆ ತಂದೆತಾಯಂದಿರು ಹೆದರುವಷ್ಟು ಏನಿಲ್ಲ. ಆದೇಶಗಳು ಹಿಂದಿಯಲ್ಲಿರುತ್ತವೆ. ಸಾವಧಾನ್ (ನೆಟ್ಟಗೆ ನಿಲ್ಲು), ವಿಶ್ರಾಮ್ (ಆರಾಮಾಗಿ ನಿಲ್ಲು), ದಾಹಿನೇ ಮುಡ್ (ಬಲಕ್ಕೆ ತಿರುಗು), ತೇಜ್ ಚಲ್ (ಬೇಗ ನಡೆ). ಇಪ್ಪತ್ತು ಪದ ಮುಂಚೆಯೇ ಕಿವಿಗೆ ಬಿದ್ದಿದ್ದರೆ ಅರ್ಧ ಗಲಿಬಿಲಿ ತಪ್ಪುತ್ತದೆ. ಸಾವಧಾನ್‌ನಲ್ಲಿ ಹಿಮ್ಮಡಿ ಕೂಡಿರಬೇಕು, ಕಾಲಿನ ಹೆಬ್ಬೆರಳುಗಳ ನಡುವೆ 30 ಡಿಗ್ರಿ ಕೋನ ಇರಬೇಕು. ವಿಶ್ರಾಮ್‌ನಲ್ಲಿ ಕಾಲುಗಳ ನಡುವೆ ಒಂದಡಿ. ತೇಜ್ ಚಲ್ ಅಂದರೆ ನಿಮಿಷಕ್ಕೆ 120 ಹೆಜ್ಜೆ. ಹೊಸ ಹುಡುಗರಲ್ಲಿ ಕೆಲವರಿಗೆ ಎಡಗಾಲಿನ ಜೊತೆ ಎಡಗೈಯೇ ಮುಂದೆ ಬರುತ್ತದೆ. ರಸ್ತೆಯಲ್ಲಿ ಸರಿಯಾಗಿ ನಡೆಯುವ ಹುಡುಗ ಮೈದಾನದಲ್ಲಿ ಹೀಗಾಗುವುದು ಕೈಯ ಬಗ್ಗೆ ಯೋಚಿಸಿದಾಗ. ಹತ್ತು ನಿಮಿಷ ಗೆಳೆಯನ ಜೊತೆ ಮಾತಾಡುತ್ತ ಸುಮ್ಮನೆ ನಡೆಯಲಿ, ಹಾಗೇ ನಡೆಯುತ್ತ ಮುಷ್ಟಿ ಕಟ್ಟಲಿ, ನಿಧಾನಕ್ಕೆ ಕೈ ಎತ್ತರಿಸಲಿ. ವಾರದಲ್ಲಿ ಸರಿಹೋಗುತ್ತದೆ.

ಆರೋಗ್ಯದ ಮಾತು ಇದಕ್ಕಿಂತ ಮುಖ್ಯ. ಒಂದೇ ಡಾರ್ಮಿಟರಿಯಲ್ಲಿ ಹತ್ತಾರು ಹುಡುಗರು ಮಲಗುವಾಗ ಕಜ್ಜಿ ಹರಡುವುದು ಸುಲಭ. ರಾತ್ರಿ ಹೆಚ್ಚಾಗುವ ತುರಿಕೆ, ಬೆರಳ ಸಂದಿಯಲ್ಲಿ ಸಣ್ಣ ಗುಳ್ಳೆ, ಇವು ಅದರ ಗುರುತು. ಒಬ್ಬನಿಗೆ ಮಾತ್ರ ಮುಲಾಮು ಹಚ್ಚಿದರೆ ಮುಂದಿನ ತಿಂಗಳು ಅವನಿಗೇ ಮತ್ತೆ ಬರುತ್ತದೆ. ಕೋಣೆಯಲ್ಲಿರುವ ಎಲ್ಲರಿಗೂ ಒಂದೇ ರಾತ್ರಿ ಔಷಧ, ಬಟ್ಟೆ-ಹೊದಿಕೆ ಬಿಸಿ ನೀರಿನಲ್ಲಿ ಒಗೆತ, ವೈದ್ಯರು ಹೇಳಿದ ಅಂತರಕ್ಕೆ ಎರಡನೇ ಸುತ್ತು. ರಜೆಗೆ ಮನೆಗೆ ಬಂದ ಹುಡುಗ ತುರಿಸಿಕೊಳ್ಳುತ್ತಿದ್ದರೆ ಔಷಧ ಕೊಡಿಸಿ ಸುಮ್ಮನಾಗಬೇಡಿ, ಶಾಲೆಗೂ ತಿಳಿಸಿ.

ನಾಚಿಕೆಯಿಂದ ಮುಚ್ಚಿಡುವ ಇನ್ನೊಂದು ವಿಷಯ ಹಾಸಿಗೆಯಲ್ಲಿ ಮೂತ್ರ ಮಾಡುವುದು. ಹತ್ತು ಹನ್ನೊಂದರ ಹುಡುಗರಲ್ಲೂ ಕೆಲವರಿಗೆ ಇದು ಇರುತ್ತದೆ, ಹೊಸ ಜಾಗದ ಆತಂಕಕ್ಕೆ ನಿಂತುಹೋದದ್ದೂ ಮರುಕಳಿಸಬಹುದು. ಹೌಸ್ ಮಾಸ್ಟರಿಗೆ ಅಥವಾ ಮೇಟ್ರನ್ ಅಮ್ಮನಿಗೆ ಮೊದಲ ದಿನವೇ ಗುಟ್ಟಾಗಿ ಹೇಳಿ. ರಾತ್ರಿ ಒಂದು ಸಲ ಎಬ್ಬಿಸುವುದು, ಹಾಸಿಗೆಯ ಮೇಲೆ ರಬ್ಬರ್ ಶೀಟು, ಇಷ್ಟರಲ್ಲೇ ಅವನ ಮಾನ ಉಳಿಯುತ್ತದೆ. ಹೇಳದೆ ಬಿಟ್ಟರೆ ಒಂದು ಬೆಳಗ್ಗೆ ಇಡೀ ಡಾರ್ಮಿಟರಿಗೆ ಗೊತ್ತಾಗುತ್ತದೆ, ಆ ಅಡ್ಡಹೆಸರು ಏಳು ವರ್ಷ ಬಿಡುವುದಿಲ್ಲ.

ಮನೆಯ ನೆನಪು ಎಲ್ಲರಿಗೂ ಬರುತ್ತದೆ. ಹಗಲು ಪುರುಸೊತ್ತಿಲ್ಲದೆ ಕಳೆದ ಹುಡುಗ ದೀಪ ಆರಿದ ಮೇಲೆ ದಿಂಬಿನಲ್ಲಿ ಮುಖ ಹುದುಗಿಸುತ್ತಾನೆ. ಫೋನಿನಲ್ಲಿ ಅತ್ತಾಗ ಅಮ್ಮನ ಬಾಯಿಂದ ಬರುವ ಮಾತು, "ಹದಿನೈದು ದಿನ ನೋಡು ಮಗಾ, ಆಗಲಿಲ್ಲ ಅಂದ್ರೆ ಕರ್ಕೊಂಡು ಬರ್ತೀವಿ." ಪ್ರೀತಿಯಿಂದಲೇ ಹೇಳಿದ್ದು. ಆದರೆ ಆ ಕ್ಷಣದಿಂದ ಅವನು ಹದಿನೈದು ದಿನ ಎಣಿಸುತ್ತಾನೆ, ಗೆಳೆಯರನ್ನು ಮಾಡಿಕೊಳ್ಳುವುದಿಲ್ಲ, ಟ್ರಂಕು ಪೂರ್ತಿ ಬಿಚ್ಚುವುದೂ ಇಲ್ಲ. ಅದರ ಬದಲು ಕೇಳಿ: ಪಕ್ಕದ ಮಂಚದವನ ಹೆಸರೇನು? ಅವನ ಊರು ಯಾವುದು? ಇವತ್ತು ಮೆಸ್ಸಿನಲ್ಲಿ ಏನಿತ್ತು? ಹೀಗೆ ಕೇಳಿದರೆ ಅಳು ತಾನಾಗಿ ಮಾತಾಗುತ್ತದೆ. ವಾರಕ್ಕೊಂದು ಕಾಗದ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಫೋನಿನ ಮಾತು ಎರಡು ನಿಮಿಷಕ್ಕೆ ಮುಗಿಯುತ್ತದೆ, ಕಾಗದವನ್ನು ಹುಡುಗ ಹತ್ತು ಸಲ ಓದುತ್ತಾನೆ.

ಆದರೆ ಎಲ್ಲ ಅಳುವೂ ಮನೆಯ ನೆನಪಿನದಲ್ಲ. ತೀರಾ ಮಾತು ಬಿಟ್ಟವನಾದರೆ, ಮೈಮೇಲೆ ಬಾಸುಂಡೆ ಕಂಡರೆ, ಹಣ ಅಥವಾ ಸಾಮಾನು ಪದೇ ಪದೇ ಕಳೆದುಹೋಯಿತು ಅಂದರೆ, ಮೇಲಿನ ತರಗತಿಯವರ ಬಟ್ಟೆ ಒಗೆಯುತ್ತಿದ್ದೇನೆ ಅಂತ ಬಾಯಿ ಜಾರಿದರೆ, ಆ ದಿನವೇ ಹೌಸ್ ಮಾಸ್ಟರ್ ಜೊತೆ ಮಾತಾಡಿ, ಪ್ರಿನ್ಸಿಪಾಲರಿಗೆ ಬರವಣಿಗೆಯಲ್ಲಿ ಕೊಡಿ. "ಮಿಲಿಟರಿ ಶಾಲೆ ಅಂದಮೇಲೆ ಏಟು ಬೀಳುತ್ತೆ" ಅನ್ನುವ ಮಾತನ್ನು ಒಪ್ಪಬೇಡಿ. ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಏಟು ತಿಂದವನೇ ದೊಡ್ಡವನಾದಾಗ ಏಟು ಕೊಡುವವನಾಗುತ್ತಾನೆ, ಆದ್ದರಿಂದ ಚಿಕ್ಕ ತರಗತಿಯಲ್ಲೇ ತಡೆಯಬೇಕು.

ಓದಿನ ಗುರಿ ಸೈನ್ಯದ ಅಧಿಕಾರಿಗಳಾಗುವವರಿಗೆ ತರಬೇತಿ ಕೊಡುವ, ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಂದರೆ ಎನ್‌ಡಿಎ. ಹನ್ನೆರಡನೇ ತರಗತಿಯ ಹೊತ್ತಿಗೆ ಬರೆಯುವ ಎನ್‌ಡಿಎ ಪರೀಕ್ಷೆಯ ಲಿಖಿತ ಭಾಗ 900 ಅಂಕದ್ದು, ಗಣಿತಕ್ಕೆ 300, ಸಾಮಾನ್ಯ ಸಾಮರ್ಥ್ಯಕ್ಕೆ 600, ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಆಮೇಲೆ ಐದು ದಿನದ ಎಸ್‌ಎಸ್‌ಬಿ (ಸೇನಾ ಆಯ್ಕೆ ಮಂಡಳಿ) ಸಂದರ್ಶನಕ್ಕೂ 900. ಅಲ್ಲಿ ಒಂದು ಪರೀಕ್ಷೆಯಲ್ಲಿ ಅರವತ್ತು ಪದಗಳನ್ನು ಒಂದೊಂದಾಗಿ ತೋರಿಸಿ, ಒಂದೊಂದಕ್ಕೂ ಹದಿನೈದು ಸೆಕೆಂಡಿನಲ್ಲಿ ಒಂದು ವಾಕ್ಯ ಬರೆಸುತ್ತಾರೆ. ಬಾಯಿಪಾಠ ಅಲ್ಲಿ ನಿಲ್ಲುವುದಿಲ್ಲ. ಎಲ್ಲ ಹುಡುಗರೂ ಆಯ್ಕೆಯಾಗುವುದಿಲ್ಲ, ಕೆಲವರನ್ನು ಕಣ್ಣಿನ ದೋಷವೇ ತಡೆಯುತ್ತದೆ. ಬಣ್ಣ ಗುರುತಿಸುವ ಪರೀಕ್ಷೆಯನ್ನು ಆರನೇ ತರಗತಿಗೆ ಮುಂಚೆಯೇ ಮಾಡಿಸಿದರೆ, ಆಗದ ಆಸೆಯೊಂದನ್ನು ಏಳು ವರ್ಷ ಸಾಕುವುದು ತಪ್ಪುತ್ತದೆ. ಸೈನ್ಯ ಸೇರಲಾಗದವನ ಓದೂ ಹಾಳಲ್ಲ, ಸಿಬಿಎಸ್‌ಇ ಪ್ರಮಾಣಪತ್ರದೊಂದಿಗೆ ಇಂಜಿನಿಯರಿಂಗ್, ಕಾನೂನು, ಕೃಷಿ, ಯಾವ ಕಡೆಗೂ ಹೋಗಬಹುದು. ಇದನ್ನು ಹುಡುಗನಿಗೆ ಮೊದಲೇ ಹೇಳಿಡಿ.

ಮೊದಲ ರಜೆಗೆ ಬಂದಾಗ ಅವನು ಐದೂವರೆಗೇ ಎದ್ದು ಕೂರಬಹುದು, ಊಟವನ್ನು ಹತ್ತು ನಿಮಿಷದಲ್ಲಿ ಮುಗಿಸಬಹುದು, ಅಮ್ಮನನ್ನು "ಮ್ಯಾಮ್" ಅಂತ ಕರೆದು ನಾಲಿಗೆ ಕಚ್ಚಿಕೊಳ್ಳಬಹುದು. ನೆಂಟರ ಮುಂದೆ ಸೆಲ್ಯೂಟ್ ಹೊಡೆಸಬೇಡಿ. ಎರಡು ದಿನ ನಿದ್ದೆ ಮಾಡಲು ಬಿಡಿ. ತೂಕ ನೋಡಿ, ಹಲ್ಲು ಮತ್ತು ಕಣ್ಣು ತೋರಿಸಿ, ಬೂಟಿನ ಅಳತೆ ಮತ್ತೆ ತೆಗೆಯಿರಿ, ಈ ವಯಸ್ಸಿನಲ್ಲಿ ಪಾದ ಬೇಗ ಬೆಳೆಯುತ್ತದೆ. ವಾಪಸ್ ಹೋಗುವ ದಿನ ಸಂಜೆಯ ಹಾಜರಿಗೆ ಎರಡು ಗಂಟೆ ಮುಂಚೆ ತಲುಪುವ ಬಸ್ಸಿಗೆ ಟಿಕೆಟ್ ಮಾಡಿಸಿ. ಈ ಸಲ ಟ್ರಂಕು ತುಂಬುವ ಕೆಲಸ ಅವನಿಗೇ ಬಿಡಿ.

ನಮಸ್ಕಾರ.