ಪಿಕ್ಟರ ಕಥೆ ಬರೆಯಬೇಕಾ? ಮೊದಲು ಆ ನೀಲಿ ಬಣ್ಣ ತೊಳೆಯಿರಿ

[ತೆರೆಯ ಮೇಲೆ: ಸ್ಕಾಟ್ಲೆಂಡ್ ನಕ್ಷೆ. ಫೋರ್ತ್ ಕೊಲ್ಲಿಯ ಉತ್ತರ ಭಾಗಕ್ಕೆ ಬಣ್ಣ]

ನಮಸ್ಕಾರ. ಪಿಕ್ಟರು, ಅಂದರೆ ಈಗಿನ ಸ್ಕಾಟ್ಲೆಂಡ್‌ನ ಉತ್ತರದಲ್ಲಿದ್ದ ಹಳೆಯ ಜನ. ಅವರ ಹೆಸರು ಕೇಳಿದರೆ ಹೆಚ್ಚಿನವರಿಗೆ ನೆನಪಾಗುವುದು ಒಂದೇ ಚಿತ್ರ. ಮೈಗೆಲ್ಲ ನೀಲಿ ಬಳಿದುಕೊಂಡು, ಬಟ್ಟೆಯಿಲ್ಲದೆ, ಕೂಗುತ್ತಾ ಬೆಟ್ಟ ಇಳಿದು ಬರುವ ಕಾಡುಜನ. 297ರಲ್ಲಿ ರೋಮನ್ನರು ಇವರನ್ನು ಪಿಕ್ಟರು, ಅಂದರೆ ಬಣ್ಣ ಬಳಿದವರು, ಎಂದು ಕರೆದಿದ್ದು ನಿಜ. ಆದರೆ ಆ ಚಿತ್ರಕ್ಕೆ ರೂಪ ಕೊಟ್ಟಿದ್ದು ಅದಾದ ಸುಮಾರು 1300 ವರ್ಷಗಳ ಮೇಲೆ. 1590ರಲ್ಲಿ ಥಿಯೋಡೋರ್ ದ ಬ್ರಿ ಎಂಬ ಚಿತ್ರ ಕೆತ್ತುವವ ಅಮೆರಿಕದ ವರ್ಜೀನಿಯಾ ಕುರಿತ ಪುಸ್ತಕವೊಂದನ್ನು ಅಚ್ಚು ಹಾಕಿದ. ಅದರ ಕೊನೆಗೆ ಪಿಕ್ಟರ ಚಿತ್ರಗಳನ್ನೂ ಸೇರಿಸಿದ. ಬ್ರಿಟನ್ನಿನ ಹಳಬರೂ ಒಂದು ಕಾಲಕ್ಕೆ ಅಮೆರಿಕದ ಮೂಲನಿವಾಸಿಗಳ ಹಾಗೇ ಇದ್ದರು ಎಂದು ತೋರಿಸುವುದು ಅವನ ಲೆಕ್ಕ.

ಪಿಕ್ಟರು ತಮ್ಮನ್ನೇ ಹೇಗೆ ಕೆತ್ತಿಕೊಂಡಿದ್ದಾರೆ ನೋಡಿ. ಹಿಲ್ಟನ್ ಆಫ್ ಕ್ಯಾಡ್‌ಬೋಲ್ ಎಂಬ ಕಲ್ಲಿನಲ್ಲಿ ಒಬ್ಬ ಹೆಂಗಸು ಕುದುರೆ ಮೇಲೆ ಕೂತಿದ್ದಾಳೆ. ಮೈತುಂಬಾ ಬಟ್ಟೆ, ಎದೆಯ ಮೇಲೆ ದೊಡ್ಡ ಪಿನ್ನು, ಪಕ್ಕದಲ್ಲಿ ಕನ್ನಡಿ, ಬಾಚಣಿಗೆ. ಇವಳು ಕಾಡುಜನದವಳ ಹಾಗೆ ಕಾಣ್ತಾಳಾ?

[ತೆರೆಯ ಮೇಲೆ: ಅಬರ್ಲೆಮ್ನೊ ಚರ್ಚಿನ ಅಂಗಳದ ಕಲ್ಲು]

ಕಥೆಗೆ ವಸ್ತು ಬೇಕಾದರೆ ನಾನು 685ನ್ನು ಆರಿಸುತ್ತೇನೆ. ಆಗ ಪಿಕ್ಟರ ದಕ್ಷಿಣಕ್ಕಿದ್ದ ಆಂಗ್ಲರ ರಾಜ್ಯ ನಾರ್ತಂಬ್ರಿಯಾದ ರಾಜ ಎಜ್‌ಫ್ರಿತ್. ಅದಕ್ಕೂ ಮೊದಲೇ ಅವನು ಪಿಕ್ಟರ ದಂಗೆಯೊಂದನ್ನು ತುಳಿದುಹಾಕಿದ್ದ. ಎರಡು ನದಿಗಳಲ್ಲಿ ಹೆಣ ತುಂಬಿ, ಅವನ ಸೈನಿಕರು ಕಾಲು ನೆನೆಯದಂತೆ ದಾಟಿದರು ಎಂದು ನಾರ್ತಂಬ್ರಿಯಾದವರೇ ಬರೆದುಕೊಂಡಿದ್ದಾರೆ. 685ರಲ್ಲಿ ಸ್ನೇಹಿತರು ಬೇಡ ಎಂದರೂ ಕೇಳದೆ ಮತ್ತೆ ದಂಡೆತ್ತಿ ಹೋದ. ಪಿಕ್ಟರು ಓಡಿಹೋಗುವ ನಾಟಕ ಆಡಿದರು. ಬೆಟ್ಟಗಳ ನಡುವಿನ ಇಕ್ಕಟ್ಟಿಗೆ ಎಳೆದುಕೊಂಡು ಹೋಗಿ ಮೇ 20ರಂದು ಅವನನ್ನು ಮುಗಿಸಿದರು. ವಯಸ್ಸು 40. ಇಷ್ಟನ್ನು ಬರೆದಿಟ್ಟವನು ಬೀಡ್ ಎಂಬ ಸನ್ಯಾಸಿ, ಅವನೂ ನಾರ್ತಂಬ್ರಿಯಾದವನೇ.

ಗೆದ್ದ ರಾಜ ಬ್ರಿಡೇ. ಇವನನ್ನು ಸ್ವಾತಂತ್ರ್ಯ ವೀರ ಮಾಡಿಬಿಡುವುದು ಸುಲಭ, ದಯವಿಟ್ಟು ಮಾಡಬೇಡಿ. ಅವನ ಅಪ್ಪ ಪಿಕ್ಟನೇ ಅಲ್ಲ, ಡಂಬಾರ್ಟನ್ ಬಂಡೆಕೋಟೆಯಿಂದ ಆಳುತ್ತಿದ್ದ, ಬ್ರಿಟನ್ನರು ಎಂಬ ಬೇರೆ ಜನಾಂಗದ ರಾಜ. ಇನ್ನೊಂದು ಹಳೆಯ ಬರಹದ ಪ್ರಕಾರ ಬ್ರಿಡೇ ಮತ್ತು ಎಜ್‌ಫ್ರಿತ್ ಹತ್ತಿರದ ಸಂಬಂಧಿಗಳು, ಅಣ್ಣತಮ್ಮಂದಿರ ಲೆಕ್ಕ. ಇಬ್ಬರೂ ಕ್ರೈಸ್ತ ರಾಜರು. ನಾಗರಿಕರು, ಅನಾಗರಿಕರು ಅನ್ನುವ ಜಗಳ ಇಲ್ಲಿಲ್ಲ. ಇದು ಮನೆಜಗಳ, ಕಥೆಗಾರನಿಗೆ ಬೇಕಾದ್ದೂ ಅದೇ ಅಲ್ವಾ?

ಪಿಕ್ಟರೇ ಕೆತ್ತಿದ ಅಬರ್ಲೆಮ್ನೊ ಕಲ್ಲಿನಲ್ಲಿ ಒಂದು ಯುದ್ಧವೇ ಇದೆ. ಕತ್ತಿ, ಗುರಾಣಿ ಬಿಸಾಡಿ ಓಡುತ್ತಿರುವ ಸವಾರ. ಒಬ್ಬರ ಹಿಂದೆ ಒಬ್ಬರು ನಿಂತ ಕಾಲಾಳುಗಳು. ಮುಂದಿನವನ ಕೈಯಲ್ಲಿ ಕತ್ತಿ, ಹಿಂದಿನವರ ಕೈಯಲ್ಲಿ ಈಟಿ. ಕೆಳಗೆ ಶಿರಸ್ತ್ರಾಣ ಹಾಕಿದ ಒಬ್ಬ ಬಿದ್ದಿದ್ದಾನೆ, ಹಕ್ಕಿ ಅವನನ್ನು ಕುಕ್ಕುತ್ತಿದೆ. ಮೂಗಿಗೆ ಪಟ್ಟಿಯಿರುವ ಇಂಥದ್ದೇ ಶಿರಸ್ತ್ರಾಣ 1982ರಲ್ಲಿ, ಹಿಂದೆ ನಾರ್ತಂಬ್ರಿಯಾಗೆ ಸೇರಿದ್ದ ಯಾರ್ಕ್‌ನಲ್ಲಿ ಸಿಕ್ಕಿತು. ಹಾಗಾಗಿ ಇದು 685ರ ಯುದ್ಧವೇ ಎನ್ನುವವರಿದ್ದಾರೆ, ಒಪ್ಪದವರೂ ಇದ್ದಾರೆ.

ಕಥೆ ಯಾರ ಕಣ್ಣಿಂದ? ರಾಜರನ್ನು ಬಿಡಿ. ಎಜ್‌ಫ್ರಿತ್‌ನ ರಾಣಿ ಕಾರ್ಲೈಲ್‌ನಲ್ಲಿ ಸುದ್ದಿಗೆ ಕಾಯುತ್ತಿದ್ದಳು. ಜೊತೆಗೆ ಸಂತ ಕತ್ಬರ್ಟ್. ಊರಿನವರು ಅವನಿಗೆ ಹಳೇ ರೋಮನ್ ಗೋಡೆ, ಕಾರಂಜಿ ತೋರಿಸುತ್ತಿದ್ದಾಗಲೇ ಯುದ್ಧದ ಗತಿ ಅವನ ಮನಸ್ಸಿಗೆ ಹೊಳೆಯಿತಂತೆ. ಚೆನ್ನಾಗಿದೆ, ಆದರೆ ನನ್ನ ಆಯ್ಕೆ ಟ್ರುಮ್‌ವಿನೆ. ಪಿಕ್ಟರ ಮೇಲೆ ಬಿಷಪ್ ಆಗಿರಲು ನಾರ್ತಂಬ್ರಿಯಾ ಕಳಿಸಿದವನು ಇವನು. ಫೋರ್ತ್ ದಡದ ಅಬರ್‌ಕಾರ್ನ್‌ನಲ್ಲಿ ಅವನ ಮಠ. ರಾಜ ಸತ್ತ ಮೇಲೆ ತನ್ನವರೊಂದಿಗೆ ಜಾಗ ಖಾಲಿ ಮಾಡಿ ದಕ್ಷಿಣದ ವಿಟ್‌ಬಿ ಮಠ ಸೇರಿಕೊಂಡ. ಎರಡೂ ಕಡೆಯವರನ್ನು ಹತ್ತಿರದಿಂದ ನೋಡಿದ ಮನುಷ್ಯ.

ಇನ್ನು ಯುದ್ಧ ನಡೆದ ಜಾಗ. ಹಿಂದಿನಿಂದ ಹೇಳುತ್ತಾ ಬಂದದ್ದು ಆಂಗಸ್‌ನ ಡನಿಖನ್. ಆದರೆ ಅಲ್ಲಿರುವುದು ತಗ್ಗು ಗುಡ್ಡಗಳು, ಬೀಡ್ ಹೇಳುವ ದುರ್ಗಮ ಬೆಟ್ಟಗಳಲ್ಲ. 2006ರಿಂದ ಉತ್ತರದ ಬೇಡನಕ್ ಕಡೆಯ ಡನಖ್ಟನ್ ಕೂಡ ಚರ್ಚೆಯಲ್ಲಿದೆ. ನಾನಾದರೆ ಕಥೆಯನ್ನು ಅಲ್ಲೇ ನಡೆಸುತ್ತೇನೆ. ನೀವು? ಕಾಮೆಂಟ್‌ನಲ್ಲಿ ಹೇಳಿ.