ಟೌನ್‌ಹಾಲ್‌ವರೆಗೆ ಒಂದು ನಡಿಗೆ

ಕೇಳುಗರಿಗೆ ನಮಸ್ಕಾರ.

ಕಾರವಾರದಿಂದ ಬೆಂಗಳೂರಿಗೆ ಹೋಗುವ ಪಂಚಗಂಗಾ ರೈಲಿನಲ್ಲಿ ಪರೀಕ್ಷೆ ಬರೆಯುವವರು, ಆಸ್ಪತ್ರೆಗೆ ಹೊರಟವರು, ಮಗಳ ಮನೆಗೆ ಕೋಕಂ, ಅಪ್ಪೆಮಿಡಿ ಉಪ್ಪಿನಕಾಯಿ ಹೊತ್ತವರು ಎಲ್ಲರೂ ಇರುತ್ತಾರೆ. ಅವರ ನಡುವೆ ಸಲಿಂಗಿಗಳೂ ಟ್ರಾನ್ಸ್ ವ್ಯಕ್ತಿಗಳೂ ಇರುತ್ತಾರೆ, ಮೊದಲ ಸಲ ಆ ಊರು ನೋಡಲು ಹೊರಟವರು. ಲಾಲ್‌ಬಾಗ್, ವಿಧಾನಸೌಧವನ್ನು ಯಾರು ಬೇಕಾದರೂ ತೋರಿಸಿಯಾರು. ನಮ್ಮಂಥವರು ನೋಡಬೇಕಾದ್ದು ಏನಿದೆ ಎಂದು ಕೆಲವರು ನನ್ನನ್ನು ಕೇಳುತ್ತಾರೆ. ನಾನೂ ಒಬ್ಬ ಸಲಿಂಗಿ. ಊರು ಕುಮಟಾ, ನೌಕರಿ ಬಹುಕಾಲ ಬೆಂಗಳೂರಿನಲ್ಲಿ.

ಫೋನಿನಲ್ಲಿ ಹುಡುಕಿದರೆ ಪಬ್ಬುಗಳ ಪಟ್ಟಿ ಬರುತ್ತದೆ. ಹೋಗುವವರು ಹೋಗಲಿ, ನನ್ನ ತಕರಾರಿಲ್ಲ. ಆದರೆ ಅಲ್ಲಿ ಒಂದು ರಾತ್ರಿಗೆ ಬಿಚ್ಚುವ ದುಡ್ಡಿನಲ್ಲಿ ಶಿರಸಿಯ ಹುಡುಗನೊಬ್ಬ ಎರಡು ದಿನ ಉಂಡು ತಿರುಗಾಡಬಹುದು. ನಾನು ಹೇಳುವ ಜಾಗಗಳಿಗೆ ದುಡ್ಡು ಬೇಡ. ಆಮ್‌ಸ್ಟರ್‌ಡ್ಯಾಮಿನಲ್ಲಿ 1987ರಲ್ಲೇ ಸಲಿಂಗಿಗಳ ನೆನಪಿಗೆ ಕಾಲುವೆಯ ದಂಡೆಯ ಮೇಲೆ ಗುಲಾಬಿ ಬಣ್ಣದ ಗ್ರಾನೈಟ್ ಸ್ಮಾರಕ ಎದ್ದಿತು. ಪೊಲೀಸರ ದಾಳಿಗೆ ಸಲಿಂಗಿಗಳು ತಿರುಗಿಬಿದ್ದ ನ್ಯೂಯಾರ್ಕಿನ ಸ್ಟೋನ್‌ವಾಲ್ ಬಾರಿನ ಜಾಗ 2016ರಲ್ಲಿ ರಾಷ್ಟ್ರೀಯ ಸ್ಮಾರಕವೇ ಆಯಿತು. ಬೆಂಗಳೂರಿನಲ್ಲಿ ನಮ್ಮ ಚರಿತ್ರೆ ನಡೆದದ್ದು ದಿನನಿತ್ಯ ಬಸ್ಸು ಓಡುವ ರಸ್ತೆಗಳಲ್ಲಿ. ಬೋರ್ಡು ಹಾಕಿಲ್ಲ, ಅಷ್ಟೆ. ಹಾಗಾಗಿ ಬಾಯಿಂದ ಬಾಯಿಗೆ ಹೇಳಬೇಕಾಗುತ್ತದೆ.

ಮೆಟ್ರೋದ ಹಸಿರು ಮಾರ್ಗ ಹಿಡಿದು ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿಯಿರಿ. 2008ರ ಜೂನ್ 29ರಂದು ಬೆಂಗಳೂರಿನ ಮೊದಲ ಪ್ರೈಡ್, ಅಂದರೆ ನಮ್ಮವರು ಹೆಮ್ಮೆಯಿಂದ ಬೀದಿಗಿಳಿಯುವ ಮೆರವಣಿಗೆ, ಹೊರಟದ್ದು ಬಸವನಗುಡಿಯ ಈ ಕಾಲೇಜಿನ ಬಳಿಯಿಂದ, ಮುಗಿದದ್ದು ಟೌನ್‌ಹಾಲ್‌ನಲ್ಲಿ. ಆಗ 377ನೇ ಕಲಂ ಜಾರಿಯಲ್ಲಿತ್ತು, ನಮ್ಮ ಪ್ರೀತಿ ಕಾನೂನಿನ ಲೆಕ್ಕದಲ್ಲಿ ಅಪರಾಧ. ಮನೆಯವರು ಟೀವಿಯಲ್ಲಿ ನೋಡಿಬಿಟ್ಟಾರು ಎಂದು ಮುಖವಾಡ ಹಾಕಿಕೊಂಡು ನಡೆದವರಿದ್ದರು. ಸುಪ್ರೀಂ ಕೋರ್ಟು ಆ ಕಲಮಿನ ಹಲ್ಲು ಕಿತ್ತದ್ದು 2018ರ ಸೆಪ್ಟೆಂಬರ್ 6ಕ್ಕೆ, ಹತ್ತು ವರ್ಷದ ಮೇಲೆ.

ಅಲ್ಲಿಂದ ಟೌನ್‌ಹಾಲ್‌ಗೆ ಕಾಲ್ನಡಿಗೆಯಲ್ಲೇ ಹೋಗಿ. ಮೆರವಣಿಗೆ ಹಿಡಿದ ದಾರಿಯನ್ನೇ ಹಿಡಿಯಬೇಕೆಂದಿಲ್ಲ, ನನಗೆ ಇಷ್ಟವಾದ ದಾರಿ ಹೇಳುತ್ತೇನೆ. ವಿ.ವಿ. ಪುರದೊಳಗೆ ಹಾದು ಮಿನರ್ವ ಸರ್ಕಲ್‌ಗೆ ಬನ್ನಿ. ಸಂಜೆಯಾಗಿದ್ದರೆ ಮೊದಲು ತಿಂಡಿ ಬೀದಿಯಲ್ಲಿ ಹೊಟ್ಟೆಗೆ ಏನಾದರೂ ಹಾಕಿಕೊಳ್ಳಿ. ಮುಂದೆ ಜೆ.ಸಿ. ರಸ್ತೆ. ಎರಡೂ ಬದಿ ಗಾಡಿಗಳ ಬಿಡಿಭಾಗದ ಅಂಗಡಿಗಳು, ಫುಟ್‌ಪಾತಿನ ಮೇಲೆ ಸೀಟು ಕವರು, ಹಾರ್ನು, ಗ್ರೀಸಿನ ವಾಸನೆ. ಚಂದದ ರಸ್ತೆ ಎಂದು ಯಾರೂ ಹೇಳಲಾರರು.

ಇದೇ ರಸ್ತೆಯಲ್ಲಿ ಕನ್ನಡ ಭವನ ಸಿಗುತ್ತದೆ. ಒಂದು ಕ್ಷಣ ನಿಲ್ಲಿ. ಕರ್ನಾಟಕ ಜಾನಪದ ಅಕಾಡೆಮಿಯ ಕಚೇರಿ ಇರುವುದು ಇಲ್ಲಿ. ಬಳ್ಳಾರಿ ಕಡೆಯ ಜೋಗತಿ ಮಂಜಮ್ಮನವರು 2019ರಲ್ಲಿ ಅದರ ಅಧ್ಯಕ್ಷರಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಟ್ರಾನ್ಸ್ ಮಹಿಳೆ ಅವರು. 2021ರಲ್ಲಿ ಪದ್ಮಶ್ರೀ ಬಂತು. ರಾಷ್ಟ್ರಪತಿ ಭವನದಲ್ಲಿ ಸೆರಗಿನಿಂದ ರಾಷ್ಟ್ರಪತಿಗಳಿಗೆ ನಿವಾಳಿಸಿ ದೃಷ್ಟಿ ತೆಗೆದರಲ್ಲ, ಅವರೇ.

ಪಕ್ಕದಲ್ಲೇ ರವೀಂದ್ರ ಕಲಾಕ್ಷೇತ್ರ. ನಮ್ಮ ಕಾರವಾರದ ಕಡಲತೀರಕ್ಕೆ ಇಟ್ಟಿರುವುದೂ ಅದೇ ರವೀಂದ್ರನಾಥ ಟ್ಯಾಗೋರರ ಹೆಸರು. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಡ್ಜ್ ಆಗಿದ್ದಾಗ ತರುಣ ಕವಿ ಬಂದು ಈ ಮರಳಿನ ಮೇಲೆ ಓಡಾಡಿದ್ದರು. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತಾಗ ನಮ್ಮ ಕಡೆಯ ಕಲಾವಿದರು ಕಲಾಕ್ಷೇತ್ರದಲ್ಲಿ ಇಡೀ ರಾತ್ರಿ ಆಟ ಆಡುವುದುಂಟು. ಸಿಕ್ಕರೆ ಬಿಡಬೇಡಿ. ಸ್ತ್ರೀವೇಷ ಮಾಡುವವರ ಖಾಸಗಿ ಬದುಕಿಗೂ ವೇಷಕ್ಕೂ ಗಂಟು ಹಾಕುವ ಚಟ ನನಗಿಲ್ಲ, ಅದು ವಿದ್ಯೆ. ನಾನು ನೋಡುವುದು ಪ್ರೇಕ್ಷಕರನ್ನು. ಸೀರೆಯುಟ್ಟ ಗಂಡಸೊಬ್ಬ ಮೋಹಿನಿಯಾಗಿ ಕಣ್ಣು ತಿರುಗಿಸಿದರೆ ಹೊನ್ನಾವರದ ಅಜ್ಜಂದಿರೂ ಕುತ್ತಿಗೆ ಉದ್ದ ಮಾಡಿ ಕೂರುತ್ತಾರೆ. ಅದೇ ಅಜ್ಜಂದಿರು ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಟ್ರಾನ್ಸ್ ಹುಡುಗಿಯನ್ನು ಕಂಡರೆ ಮುಖ ಯಾಕೆ ಸಿಂಡರಿಸಬೇಕು? ಉತ್ತರ ನನ್ನಲ್ಲಿಲ್ಲ. ಕೇಳದೇ ಇರಲೂ ಆಗುವುದಿಲ್ಲ.

ನಾಲ್ಕು ಹೆಜ್ಜೆ ಮುಂದೆ ಟೌನ್‌ಹಾಲ್, ದಪ್ಪ ಕಂಬಗಳ ಕಟ್ಟಡ. ಅದರ ಮೆಟ್ಟಿಲು ಎಷ್ಟು ಚಳವಳಿ ಕಂಡಿವೆಯೋ ಲೆಕ್ಕವಿಲ್ಲ. ಕೂತು ಕಾಲು ಚಾಚಿ, ನಿಮ್ಮ ಯಾತ್ರೆಯ ಮುಖ್ಯ ಜಾಗ ಇದೇ.

ಮಾರನೇ ದಿನಕ್ಕೆ ಕಬ್ಬನ್ ಪಾರ್ಕ್. ಆ್ಯಪುಗಳು ಬರುವ ಮೊದಲು ನಮ್ಮಂಥ ಗಂಡಸರು ಒಬ್ಬರನ್ನೊಬ್ಬರು ಕಾಣುತ್ತಿದ್ದ ಜಾಗಗಳಲ್ಲಿ ಇದೂ ಒಂದು. ಪೊಲೀಸರ ಕಾಟವೂ ಇತ್ತು. ಮಾನವ ಹಕ್ಕುಗಳ ಸಂಘಟನೆ ಪಿಯುಸಿಎಲ್ 2001ರಲ್ಲಿ ತಂದ ವರದಿಯಲ್ಲಿ ಅದೆಲ್ಲ ದಾಖಲಾಗಿದೆ. ಈಗ ಶನಿವಾರ ಬೆಳಿಗ್ಗೆ ಹೋದರೆ ಜನ ಚಾಪೆ ಹಾಸಿಕೊಂಡು ಮೌನವಾಗಿ ಪುಸ್ತಕ ಓದುತ್ತಿರುತ್ತಾರೆ. ಯಾರು ಬೇಕಾದರೂ ಕೂರಬಹುದು. 'ನೀ ಯಾರ ಮನೆ ಮಾಣಿ' ಎಂದು ಯಾರೂ ಕೇಳುವುದಿಲ್ಲ. ಶಿರಸಿ, ಸಿದ್ದಾಪುರದ ಕಡೆಯವರಿಗೆ ಆ ಸುಖ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಗೋಡೆಗಳನ್ನೂ ನೋಡುತ್ತಾ ಹೋಗಿ. ಬೆಂಗಳೂರಿನದೇ ಆದ ಅರವಾನಿ ಆರ್ಟ್ ಪ್ರಾಜೆಕ್ಟ್‌ನಲ್ಲಿ ಟ್ರಾನ್ಸ್ ಮಹಿಳೆಯರು ಏಣಿ ಹತ್ತಿ ದೊಡ್ಡ ದೊಡ್ಡ ಚಿತ್ರ ಬರೆಯುತ್ತಾರೆ. ಓದುವ ಹುಚ್ಚಿದ್ದವರಿಗೆ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲಿನಲ್ಲಿ ಕ್ಯಾಮ್ರಾ ಎಂಬ ದಾಖಲೆ ಸಂಗ್ರಹವಿದೆ. ನಮ್ಮ ಚಳವಳಿಯ ಕಾಗದಪತ್ರ, ವಿಡಿಯೋಗಳನ್ನು ಕಾಪಿಟ್ಟಿದ್ದಾರೆ. ಮೊದಲೇ ಬರೆದು ಕೇಳಿಕೊಂಡು ಹೋಗಬೇಕು. ಬಾನುಲಿಯಲ್ಲಿ ಮಾತಾಡುತ್ತಾ ಇದೊಂದನ್ನು ಹೇಳದಿದ್ದರೆ ತಪ್ಪಾದೀತು: ಜೈನ್ ವಿಶ್ವವಿದ್ಯಾಲಯದ ರೇಡಿಯೋ ಆ್ಯಕ್ಟಿವ್, 90.4, ನಮ್ಮ ಸಮುದಾಯದವರ ಕೈಗೇ ಮೈಕು ಕೊಟ್ಟ ಸಮುದಾಯ ಬಾನುಲಿ. ಮಾತಿಗೆ ಜನ ಬೇಕೆನ್ನುವವರಿಗೆ 'ಗುಡ್ ಆ್ಯಸ್ ಯು' ಎಂಬ ಗುಂಪು 1994ರಷ್ಟು ಹಿಂದೆಯೇ ಶುರುವಾಗಿದೆ.

ಇನ್ನು ಉಳಿಯುವ ಜಾಗ. ಇಬ್ಬರು ಗಂಡಸರೋ ಇಬ್ಬರು ಹೆಂಗಸರೋ ಒಂದೇ ರೂಮು ಕೇಳಿದರೆ ಲಾಡ್ಜಿನವರು ಸಾಮಾನ್ಯವಾಗಿ ತಲೆಯೆತ್ತಿಯೂ ನೋಡುವುದಿಲ್ಲ. ಮದುವೆಯಾಗದ ಗಂಡು–ಹೆಣ್ಣಿನ ಜೋಡಿಗೇ ಪ್ರಶ್ನೆ ಜಾಸ್ತಿ! ತೊಂದರೆ ಬರುವುದು ಟ್ರಾನ್ಸ್ ವ್ಯಕ್ತಿಗಳಿಗೆ, ಆಧಾರ್‌ನಲ್ಲಿರುವ ಹೆಸರಿಗೂ ಎದುರಿಗಿರುವ ಮುಖಕ್ಕೂ ತಾಳೆಯಾಗದಿದ್ದಾಗ. ಜಿಲ್ಲಾಧಿಕಾರಿ ಕೊಟ್ಟ ಟ್ರಾನ್ಸ್‌ಜೆಂಡರ್ ಗುರುತಿನ ಚೀಟಿ ಇದ್ದವರು ಅದನ್ನೂ ಜೊತೆಗಿಟ್ಟುಕೊಳ್ಳಿ. ಬುಕ್ ಮಾಡುವ ಮುನ್ನ ಒಂದು ಫೋನು ಹಚ್ಚಿ ಕೇಳಿಬಿಡಿ.

ಆ್ಯಪಿನಲ್ಲಿ ಪರಿಚಯವಾದವರನ್ನು ಮೊದಲ ಸಲ ಹೋಟೆಲಿನಲ್ಲೋ ಮೆಟ್ರೋ ನಿಲ್ದಾಣದಲ್ಲೋ, ನಾಲ್ಕು ಜನ ಓಡಾಡುವಲ್ಲೇ ಕಾಣಿ. ರೂಮಿಗೆ ಕರೆದು ಫೋಟೋ ತೆಗೆದು ದುಡ್ಡು ಕೀಳುವವರಿದ್ದಾರೆ. 'ಪೊಲೀಸರಿಗೆ ಹೇಳುತ್ತೇನೆ' ಎಂದು ಹೆದರಿಸಿದರೆ ನೀವೇ 112ಕ್ಕೆ ಫೋನು ಮಾಡಿ. 2018ರಿಂದ ಈಚೆ ಅಪರಾಧಿ ಸುಲಿಯುವವನು, ನೀವಲ್ಲ.

ಹೋಗುವ ಕಾಲ ಕೇಳಿದರೆ ನಾನು ನವೆಂಬರ್ ಎನ್ನುತ್ತೇನೆ. ನಮ್ಮ ಪ್ರೈಡ್ ಮೆರವಣಿಗೆ ಈಗ ಸಾಮಾನ್ಯವಾಗಿ ಆ ಆಸುಪಾಸಿನಲ್ಲೇ ನಡೆಯುವುದು. ಮಳೆ ಹಿಂದೆ ಸರಿದಿರುತ್ತದೆ, ಸಂಜೆಗೆ ಸ್ವೆಟರ್ ಬೇಕಾದೀತು. ದೀಪಾವಳಿ ಹತ್ತಿರವಿದ್ದರೆ ಪಂಚಗಂಗಾದಲ್ಲಿ ಬರ್ತ್ ಸಿಗುವುದು ಕಷ್ಟ, ಮುಂಗಡ ಬುಕಿಂಗ್ ತೆರೆದ ಕೂಡಲೇ ಮಾಡಿಸಿ. ಶಿರಸಿಯವರಿಗೆ ಹೇಗೂ ರೈಲಿಲ್ಲ, ರಾತ್ರಿ ಬಸ್ಸೇ ಗತಿ.

ನಮಸ್ಕಾರ.