ಡೌರೊ ಕಣಿವೆಗೆ ರೈಲು: ಬಲಗಡೆ ಕಿಟಕಿ ಹಿಡಿಯಿರಿ

ಶ್ರೋತೃಗಳಿಗೆ ನಮಸ್ಕಾರ. ಪೋರ್ಚುಗಲ್‌ಗೆ ಹೋದವರು ಪೋರ್ಟೊ ನಗರ ಸುತ್ತಿ, ಡೌರೊ ಹೊಳೆಯಾಚೆ ವಿಲಾ ನೋವಾ ದ ಗಾಯಾದಲ್ಲಿ ಒಂದು ಲೋಟ ಪೋರ್ಟ್ ವೈನ್ ಕುಡಿದು, ಎಲ್ಲ ನೋಡಿಯಾಯಿತು ಎನ್ನುತ್ತಾರೆ. ಸ್ವಾಮೀ, ನೀವು ನೋಡಿದ್ದು ಗೋದಾಮು! ಸಮುದ್ರದ ತಂಪಿಗೆಂದು ಪೀಪಾಯಿಗಳನ್ನು ಅಲ್ಲಿ ಇಡುತ್ತಾರೆ, ಅಷ್ಟೇ. ದ್ರಾಕ್ಷಿ ಬೆಳೆಯುವುದು ಪೂರ್ವಕ್ಕೆ, ಡೌರೊ ಕಣಿವೆಯಲ್ಲಿ. ಅಲ್ಲಿಗೆ ರೈಲಿನಲ್ಲಿ ಹೋಗಿ, ಬಲಗಡೆ ಕಿಟಕಿ ಹಿಡಿಯಿರಿ.

ಪೋರ್ಟೊದಿಂದ ಪಿನ್ಯಾವ್ ಊರಿಗೆ ಸುಮಾರು ಎರಡೂವರೆ ಗಂಟೆ. ಸೀಟು ಕಾದಿರಿಸುವ ಪದ್ಧತಿ ಇಲ್ಲ, ಅರ್ಧ ಗಂಟೆ ಮೊದಲೇ ನಿಲ್ದಾಣ ಸೇರಿ. ಮೊದಲ ಒಂದು ಗಂಟೆ ನದಿಯ ಸುಳಿವೇ ಇರುವುದಿಲ್ಲ. ಬೇಸತ್ತು ಎಡಕ್ಕೆ ಹೋಗಿ ಕೂತೀರಿ, ಬೇಡ! ಆಮೇಲೆ ಹಳಿ ಉತ್ತರ ದಡಕ್ಕೆ ಇಳಿಯುತ್ತದೆ, ನೀರೆಲ್ಲ ಬಲಕ್ಕೆ. ಗುಡ್ಡದ ನೆತ್ತಿಯವರೆಗೂ ಕಲ್ಲುಕಟ್ಟೆಯ ದ್ರಾಕ್ಷಿ ತೋಟ. ನೆಲ ಶಿಸ್ಟ್ ಎಂಬ ಪದರುಗಲ್ಲು. ಬೇರು ಆ ಬಿರುಕುಗಳಲ್ಲಿ ಆಳಕ್ಕಿಳಿದು ತೇವ ಹುಡುಕುತ್ತದೆ. ಪೋರ್ಟ್ ವೈನಿನ ಈ ಸೀಮೆಗೆ 1756ರಲ್ಲೇ ಪೋರ್ಚುಗಲ್ಲಿನ ಮಂತ್ರಿ ಪಾಂಬಾಲ್ ಗಡಿ ಗೊತ್ತುಮಾಡಿದ.

ಪೋರ್ಟ್ ವೈನಿನ ಸಿಹಿಗೆ ಮೇಲಿಂದ ಬೆರೆಸಿದ ಸಕ್ಕರೆ ಕಾರಣವೆಂದು ತಿಳಿಯಬೇಡಿ. ರಸ ಅರ್ಧ ಹುಳಿಯುವಾಗ, ನಾಲ್ಕು ಪಾಲಿಗೆ ಒಂದು ಪಾಲಿನಂತೆ, ಶೇಕಡಾ 77 ಮದ್ಯಸಾರದ ದ್ರಾಕ್ಷಿ ಸಾರಾಯಿ ಸುರಿಯುತ್ತಾರೆ. ರಸ ಹುಳಿಸುವ ಯೀಸ್ಟ್ ಸಾಯುತ್ತದೆ, ಹಣ್ಣಿನ ಸಿಹಿ ಉಳಿಯುತ್ತದೆ.

ಪಿನ್ಯಾವ್‌ನಲ್ಲೇ ಇಳಿದುಬಿಡಬೇಡಿ, ಮುಂದೆ ವಲೇರಾ ಕಮರಿ ಇದೆ. ಅಣೆಕಟ್ಟು ಇಲ್ಲದ ಕಾಲದಲ್ಲಿ ಪೀಪಾಯಿಗಳು ಇಳಿಯುತ್ತಿದ್ದದ್ದು ರಬೇಲೊ ಎಂಬ ಚಪ್ಪಟೆ ತಳದ ದೋಣಿಗಳಲ್ಲಿ. 1861ರ ಮೇ ತಿಂಗಳು. ದೋಣಿಯಲ್ಲಿ ಇಬ್ಬರು ಗಣ್ಯರು: ಈ ನದಿಗೇ ನಕಾಶೆ ಬರೆದ ಬ್ರಿಟಿಷ್ ವ್ಯಾಪಾರಿ ಜೇಮ್ಸ್ ಫಾರೆಸ್ಟರ್, ಮತ್ತು ತೋಟಗಳ ದೊಡ್ಡ ಒಡತಿ ದೋನಾ ಅಂತೋನಿಯಾ ಫೆರೈರಾ. ವಲೇರಾದ ಸೆಳವಿನಲ್ಲಿ ದೋಣಿ ಮಗುಚಿತು. ಸೊಂಟದಲ್ಲಿದ್ದ ಚಿನ್ನದ ನಾಣ್ಯದ ಪಟ್ಟಿಯೇ ಫಾರೆಸ್ಟರನನ್ನು ಕೆಳಗೆಳೆಯಿತು ಎಂದು ಜನ ಹೇಳುತ್ತಾರೆ; ಆತನ ದೇಹ ಸಿಗಲಿಲ್ಲ. ಆಕೆಯ ಅಗಲವಾದ ಲಂಗ ಗಾಳಿ ತುಂಬಿಕೊಂಡು ತೇಲಿಸಿತಂತೆ! ಲಂಗದ ಮಾತು ಕಥೆಯೇ ಇರಲಿ, ಆಕೆ ಬದುಕಿದ್ದು ಮಾತ್ರ ನಿಜ, 1896ರವರೆಗೆ. ಈಗ ಆ ಸೆಳವು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ, ರೈಲು ಪಕ್ಕದಲ್ಲೇ ಹಾಯುತ್ತದೆ. ಅದನ್ನೂ ನೋಡಬೇಕಾದ್ದು ಬಲಗಡೆಯಿಂದಲೇ. ಅಲ್ಲಿಂದಾಚೆ ಫೆರ್ರದೋಸಾ ಸೇತುವೆ ದಾಟಿದ ಮೇಲೆ ಮಾತ್ರ ಎಡಕ್ಕೆ ಬನ್ನಿ.

ಸಮಯ ಮುಗಿಯುತ್ತಿದೆ. ಪಿನ್ಯಾವ್ ನಿಲ್ದಾಣದ ಗೋಡೆಯಲ್ಲಿ 24 ನೀಲಿ ಹೆಂಚಿನ ಚಿತ್ರಗಳಿವೆ. ಇದೇ ಸೀಮೆಯ ಲಾಮೆಗೋ ಊರಿನ ಇಗರ್ಜಿಗೆ 686 ಮೆಟ್ಟಿಲು, ಮಂಡಿ ನೋಯುವವರು ಯೋಚಿಸಿ ಹೊರಡಿ. ಆಗಸ್ಟಿನಲ್ಲಿ 40 ಡಿಗ್ರಿ ದಾಟುವುದುಂಟು. ಕೊಯ್ಲು ನೋಡಬೇಕಾದರೆ ಸೆಪ್ಟೆಂಬರ್, ಕೋಣೆ ಮೊದಲೇ ಹಿಡಿಯಿರಿ. ಪಿನ್ಯಾವ್‌ನಿಂದ ಮುಂದಕ್ಕೆ ಗಾಡಿಗಳು ಕಡಿಮೆ, ಹತ್ತುವ ಮುನ್ನವೇ ವಾಪಸು ಗಾಡಿಯ ಹೊತ್ತು ಬರೆದುಕೊಳ್ಳಿ. ನಮಸ್ಕಾರ.